ಮಿದುಳಿನ ಉಪನ್ಯಾಸಕ್ಕೆ ಹೋಗಿ ಕೂತಾಗ

ನರವಿಜ್ಞಾನದ ಉಪನ್ಯಾಸ, ವಿಚಾರಸಂಕಿರಣಗಳಿಗೆ ಸಾಮಾನ್ಯ ಓದುಗರೂ ಹೋಗಬೇಕೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಹೋಗಿ ಬಂದವರು, ಹೋಗಲು ಅಂಜುವವರು, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುತ್ತಾ ಉತ್ತರ ಹುಡುಕುತ್ತಿರುವವರು ಪತ್ರ ಬರೆದಿದ್ದಾರೆ. ಹೆಸರು ಬೇಡವೆಂದು ಕೇಳಿಕೊಂಡವರೇ ಹೆಚ್ಚು. ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾನು ಲೆಕ್ಕಪತ್ರದ ಕೆಲಸದಲ್ಲಿರುವವನು. ವಿಜ್ಞಾನ ಓದಿದ್ದು ಶಾಲೆಯಲ್ಲಿ ಮಾತ್ರ. ಮಿದುಳಿನ ಬಗ್ಗೆ ತಜ್ಞರು ಮಾತಾಡುತ್ತಾರೆಂದರೆ ಆಸೆಯಿಂದ ಹೋಗುತ್ತೇನೆ. ಮೊದಲ ಹತ್ತು ನಿಮಿಷ ಅರ್ಥವಾಗುತ್ತದೆ, ಆಮೇಲೆ ಬರೀ ಗ್ರಾಫು ಮತ್ತು ಸಂಕ್ಷಿಪ್ತಾಕ್ಷರ. ನನ್ನಂಥವರು ಹೋಗಿ ಕೂರುವುದರಿಂದ ಉಪಯೋಗವಿದೆಯೇ ಮೇಡಂ?

ಉತ್ತರ: ಇದೆ. ನಾನು ಆಸ್ಪತ್ರೆಯ ನರರೋಗ ವಿಭಾಗದಲ್ಲಿ ಇಇಜಿ ತಂತ್ರಜ್ಞೆಯಾಗಿದ್ದವಳು. ರೋಗಿಯ ತಲೆಯ ಅಳತೆ ತೆಗೆದು, ಪೇಸ್ಟ್ ಹಚ್ಚಿ, ಎಲೆಕ್ಟ್ರೋಡುಗಳನ್ನು ಕೂರಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವುದು ನನ್ನ ಕೆಲಸವಾಗಿತ್ತು. ವಿಭಾಗದ ವಾರದ ಸೆಮಿನಾರುಗಳಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ. ಎಷ್ಟೋ ಮಾತು ತಲೆಗೆ ಹತ್ತುತ್ತಿರಲಿಲ್ಲ. ಒಂದು ಅಭ್ಯಾಸ ಮಾತ್ರ ಕೈಹಿಡಿಯಿತು: ಭಾಷಣಕಾರರು ಏನನ್ನಾದರೂ ಖಚಿತವಾಗಿ ಹೇಳಿದ ಕೂಡಲೇ, ಇದನ್ನು ಯಾರಲ್ಲಿ ನೋಡಿದರು, ಏನನ್ನು ಅಳೆದರು ಎಂದು ಹಾಳೆಯ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದೆ. ಬಹಳಷ್ಟು ಸಲ ಉತ್ತರ ಸ್ಲೈಡಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ನೀವು ವೋಚರ್ ಇಲ್ಲದ ಖರ್ಚನ್ನು ಪುಸ್ತಕಕ್ಕೆ ಏರಿಸುವುದಿಲ್ಲವಲ್ಲ, ಉಪನ್ಯಾಸವನ್ನೂ ಆ ಕಣ್ಣಿನಿಂದಲೇ ನೋಡಿ.

ಉದಾಹರಣೆಗೆ, ನೆನಪಿನ ಬಗ್ಗೆ ಯಾರು ಮಾತಾಡಿದರೂ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಹೆಸರು ಬರುತ್ತದೆ. ‘ಹೊಸ ನೆನಪು ಕಟ್ಟಲು ಹಿಪ್ಪೊಕ್ಯಾಂಪಸ್ ಬೇಕು’ ಎನ್ನುವ ಒಂದು ಸಾಲಿನ ಹಿಂದೆ ಒಬ್ಬ ಮನುಷ್ಯನ ಇಡೀ ಬದುಕಿದೆ. 1953ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ವಿಲಿಯಂ ಸ್ಕೋವಿಲ್, ತೀವ್ರ ಅಪಸ್ಮಾರದಿಂದ ನರಳುತ್ತಿದ್ದ 27 ವರ್ಷದ ಹೆನ್ರಿ ಮೊಲೈಸನ್ ಅವರ ಮಿದುಳಿನ ಎರಡೂ ಬದಿಯಿಂದ ಹಿಪ್ಪೊಕ್ಯಾಂಪಸ್‌ನ ದೊಡ್ಡ ಭಾಗವನ್ನೂ ಅದರ ಸುತ್ತಲಿನ ಅಂಗಾಂಶವನ್ನೂ ತೆಗೆದುಹಾಕಿದರು. ಮೂರ್ಛೆ ಬರುವುದು ಕಡಿಮೆಯಾಯಿತು. ಆದರೆ ಅಂದಿನಿಂದ ಅವರಲ್ಲಿ ಹೊಸ ನೆನಪು ನಿಲ್ಲಲಿಲ್ಲ. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಹೆನ್ರಿಗೆ ಒಂದು ಕೆಲಸ ಕೊಟ್ಟರು: ಕೈಯನ್ನು ನೇರವಾಗಿ ನೋಡದೆ, ಕನ್ನಡಿಯಲ್ಲಷ್ಟೇ ನೋಡುತ್ತಾ ನಕ್ಷತ್ರದ ಅಂಚಿನುದ್ದಕ್ಕೂ ಗೆರೆ ಎಳೆಯುವುದು. ದಿನ ಕಳೆದಂತೆ ಹೆನ್ರಿಯ ಕೈ ಪಳಗಿತು, ತಪ್ಪುಗಳು ಕಡಿಮೆಯಾದವು. ಹಿಂದೆ ಎಂದಾದರೂ ಈ ಕೆಲಸ ಮಾಡಿದ್ದು ನೆನಪಿದೆಯೇ ಎಂದರೆ ಮಾತ್ರ ಇಲ್ಲ. ಘಟನೆಯ ನೆನಪು ಬೇರೆ, ಕೈಯ ಕಸುಬಿನ ನೆನಪು ಬೇರೆ ಎಂದು ಜಗತ್ತಿಗೆ ಗೊತ್ತಾದದ್ದು ಹೀಗೆ.

ಅದೇ ಹಿಪ್ಪೊಕ್ಯಾಂಪಸ್‌ನಲ್ಲಿ, ಪ್ರಾಣಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಮಿಡಿಯುವ ಕೋಶಗಳಿವೆ ಎಂದು ಜಾನ್ ಓಕೀಫ್ 1971ರಲ್ಲಿ ತೋರಿಸಿದ್ದು ಇಲಿಗಳಲ್ಲಿ. ಲಂಡನ್ನಿನ ಟ್ಯಾಕ್ಸಿ ಚಾಲಕರಲ್ಲಿ ಅದರ ಹಿಂಭಾಗ ಬೇರೆಯವರದಕ್ಕಿಂತ ದೊಡ್ಡದಿದೆ ಎಂದು ಎಲಿನೋರ್ ಮಗ್ವಾಯರ್ ತಂಡ 2000ದಲ್ಲಿ ಹೇಳಿದ್ದು ಎಂಆರ್‌ಐ ಚಿತ್ರಗಳಿಂದ. ಒಬ್ಬ ರೋಗಿ, ಕೆಲವು ಇಲಿಗಳು, ಒಂದು ಗುಂಪಿನ ಸ್ಕ್ಯಾನುಗಳು: ಈ ಮೂರೂ ಬೇರೆ ಬೇರೆ ತೂಕದ ಸಾಕ್ಷ್ಯಗಳು. ಭಾಷಣದಲ್ಲಿ ಮೂರೂ ಒಂದೇ ಉಸಿರಿನಲ್ಲಿ ಬಂದು ಹೋಗುತ್ತವೆ. ಅವನ್ನು ಬೇರ್ಪಡಿಸಿ ಕೇಳಿಸಿಕೊಳ್ಳಲು ಪದವಿ ಬೇಕಿಲ್ಲ. ಸಂಕ್ಷಿಪ್ತಾಕ್ಷರಗಳ ಬೆನ್ನು ಹತ್ತಬೇಡಿ, ಮುಖ್ಯವಾದವು ಮತ್ತೆ ಮತ್ತೆ ಬಂದು ತಾವಾಗಿಯೇ ಪರಿಚಯವಾಗುತ್ತವೆ.

ಪ್ರಶ್ನೆ: ಪ್ರೀತಿ, ಭಯ, ದೇವರ ಧ್ಯಾನ, ಯಾವ ವಿಷಯವಿರಲಿ, ಮಿದುಳಿನ ಚಿತ್ರದಲ್ಲಿ ಒಂದು ಕಡೆ ಕೆಂಪು ಹಳದಿ ಬಣ್ಣ ಹೊತ್ತಿಕೊಂಡಿರುತ್ತದೆ. ಆ ಜಾಗದಲ್ಲಿ ನಿಜವಾಗಿ ಏನು ನಡೆಯುತ್ತಿರುತ್ತದೆ? ಉಳಿದ ಜಾಗ ಸುಮ್ಮನೆ ಕೂತಿರುತ್ತದೆಯೇ?

ಉತ್ತರ: ಮಿದುಳಿನ ಯಾವ ಜಾಗವೂ ಸುಮ್ಮನೆ ಕೂತಿರುವುದಿಲ್ಲ. ನಿದ್ದೆ ಹೋದವರ ಇಇಜಿಯಲ್ಲೂ ಅಲೆಗಳು ನಿಂತದ್ದನ್ನು ನಾನು ಕಂಡಿಲ್ಲ. ನೀವು ನೋಡಿದ ಬಣ್ಣ, ಎರಡು ಸ್ಥಿತಿಗಳ ನಡುವಿನ ವ್ಯತ್ಯಾಸವನ್ನು ಲೆಕ್ಕ ಹಾಕಿ ಕಂಪ್ಯೂಟರ್ ಬಳಿದದ್ದು.

ಇಂಥ ಚಿತ್ರ ತೆಗೆಯುವ ಎಫ್‌ಎಂಆರ್‌ಐ ಯಂತ್ರ ನರಕೋಶವನ್ನು ನೋಡುವುದಿಲ್ಲ, ರಕ್ತವನ್ನು ನೋಡುತ್ತದೆ. ಆಮ್ಲಜನಕವನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್‌ನ ಕಾಂತಗುಣ ಬದಲಾಗುತ್ತದೆ. ಇದನ್ನು ಬಳಸಿ ಮಿದುಳಿನ ಚಟುವಟಿಕೆಯ ಗುರುತು ಹಿಡಿಯಬಹುದೆಂದು ಸೇಯ್ಜಿ ಒಗಾವಾ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದರು. ಕೋಶಗಳು ಚುರುಕಾದ ಕಡೆಗೆ ರಕ್ತ ಹೆಚ್ಚು ಹರಿದುಬರುತ್ತದೆ, ಆ ಹರಿವು ಉತ್ತುಂಗಕ್ಕೆ ಬರಲು ಸುಮಾರು ಐದಾರು ಸೆಕೆಂಡು ಹಿಡಿಯುತ್ತದೆ. ಕೋಶಗಳ ನಡುವಿನ ಮಾತುಕತೆ ಸೆಕೆಂಡಿನ ಸಾವಿರದ ಒಂದೊಂದು ಭಾಗದಲ್ಲಿ ನಡೆದುಹೋಗಿರುತ್ತದೆ. ಚಿತ್ರದ ಒಂದು ಚುಕ್ಕೆಯೊಳಗೆ ಲಕ್ಷಗಟ್ಟಲೆ ಕೋಶಗಳಿರುತ್ತವೆ. ಇಇಜಿಯ ಕಷ್ಟ ಇದಕ್ಕೆ ತಿರುಗುಮುರುಗು: ಯಾವಾಗ ನಡೆಯಿತೆಂದು ಚೆನ್ನಾಗಿ ಹೇಳುತ್ತದೆ, ಎಲ್ಲಿ ನಡೆಯಿತೆಂದು ಹೇಳುವಾಗ ತಡವರಿಸುತ್ತದೆ. ಏಕೆಂದರೆ ನಡುವೆ ತಲೆಬುರುಡೆಯಿದೆ.

ಇನ್ನೊಂದು ವಿಷಯ. ಸ್ಕ್ಯಾನಿನಲ್ಲಿ ಹತ್ತಾರು ಸಾವಿರ ಚುಕ್ಕೆಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಕೆಲವು ಆಕಸ್ಮಿಕವಾಗಿಯೇ ‘ಹೊತ್ತಿಕೊಳ್ಳುತ್ತವೆ’. ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಮನ್ ಮೀನನ್ನು ಸ್ಕ್ಯಾನರಿನಲ್ಲಿಟ್ಟು, ಅದಕ್ಕೆ ಮನುಷ್ಯರ ಫೋಟೋಗಳನ್ನು ತೋರಿಸಿದರು. ಲೆಕ್ಕದಲ್ಲಿ ಮಾಡಬೇಕಾದ ತಿದ್ದುಪಡಿ ಮಾಡದಿದ್ದರೆ ಸತ್ತ ಮೀನಿನ ಮಿದುಳಿನಲ್ಲೂ ಚಟುವಟಿಕೆ ಕಾಣಿಸಿತು, ತಿದ್ದುಪಡಿ ಮಾಡಿದ ಕೂಡಲೇ ಮಾಯವಾಯಿತು. 2009ರಲ್ಲಿ ಇದನ್ನು ಸಮ್ಮೇಳನವೊಂದರ ಪೋಸ್ಟರಾಗಿ ಪ್ರದರ್ಶಿಸಿದರು. ಸಂಶೋಧಕರ ಲೆಕ್ಕದ ಪದ್ಧತಿ ಸುಧಾರಿಸುವಲ್ಲಿ ಆ ಮೀನಿನ ಪಾಲೂ ಇದೆ. ಇಷ್ಟಾದರೂ ಒಂದು ಅಪಾಯ ಉಳಿದಿದೆ. ಅಮಿಗ್ಡಲಾ ಎಂಬ ಭಾಗ ಚುರುಕಾಗಿ ಕಂಡಿತು, ಆದ್ದರಿಂದ ಆ ವ್ಯಕ್ತಿ ಹೆದರಿದ್ದ ಎಂದು ಹೇಳುವ ಭಾಷಣಗಳು ಈಗಲೂ ನಡೆಯುತ್ತವೆ. ಅಮಿಗ್ಡಲಾ ಸಂತೋಷದಲ್ಲೂ ಕುತೂಹಲದಲ್ಲೂ ಚುರುಕಾಗುತ್ತದೆ. ಚಿತ್ರದಿಂದ ಮನಸ್ಸಿಗೆ ಹೀಗೆ ಹಿಮ್ಮುಖವಾಗಿ ನಡೆಯುವವರ ಮಾತನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ನಾವು ಮಿದುಳಿನ ಶೇಕಡಾ 10ರಷ್ಟನ್ನು ಮಾತ್ರ ಬಳಸುತ್ತೇವೆ ಎಂದು ಭಾಷಣವೊಂದರಲ್ಲಿ ಕೇಳಿದೆ. ನಿಜವೇ?

ಉತ್ತರ: ನಿಜವಲ್ಲ. ದೇಹದ ತೂಕದಲ್ಲಿ ಸುಮಾರು ಶೇಕಡಾ 2ರಷ್ಟಿರುವ ಮಿದುಳು, ನಾವು ವಿಶ್ರಾಂತಿಯಲ್ಲಿದ್ದಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಶೇಕಡಾ 20ನ್ನು ಬಳಸಿಕೊಳ್ಳುತ್ತದೆ. ಅದರಲ್ಲಿರುವ ಸುಮಾರು 8,600 ಕೋಟಿ ನರಕೋಶಗಳಲ್ಲಿ ಹತ್ತರಲ್ಲಿ ಒಂಬತ್ತು ಭಾಗ ಬೇಡದ್ದಾಗಿದ್ದರೆ, ಸಣ್ಣದೊಂದು ಪಾರ್ಶ್ವವಾಯು ಒಬ್ಬರ ಮಾತನ್ನೋ ಕೈಯ ಬಲವನ್ನೋ ಕಿತ್ತುಕೊಳ್ಳುತ್ತಿರಲಿಲ್ಲ.

ಪ್ರಶ್ನೆ: ನಮ್ಮ ತಾಯಿಗೆ ಅಲ್ಜೈಮರ್ಸ್ ಇದೆಯೆಂದು ಇತ್ತೀಚೆಗೆ ಗೊತ್ತಾಯಿತು, ಇನ್ನೂ ಆರಂಭದ ಹಂತ. ವಿಚಾರಸಂಕಿರಣವೊಂದರಲ್ಲಿ ಲೆಕಾನೆಮ್ಯಾಬ್ ಎಂಬ ಔಷಧಿ ಕಾಯಿಲೆಯನ್ನು ಶೇಕಡಾ 27ರಷ್ಟು ನಿಧಾನಗೊಳಿಸುತ್ತದೆ ಎಂದರು. ಕಾಲುಭಾಗ ಗುಣವಾಗುತ್ತಾರೆ ಎಂದುಕೊಂಡು ಆ ರಾತ್ರಿ ನೆಮ್ಮದಿಯಿಂದ ಮಲಗಿದೆ. ಈಗ ಮತ್ತೆ ಅನುಮಾನ. ಬಿಡಿಸಿ ಹೇಳುವಿರಾ?

ಉತ್ತರ: ನಿಮ್ಮ ಪತ್ರವನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೈಯಲ್ಲಿ ಹಿಡಿದು ಕೂತಿದ್ದೆ. ಶೇಕಡಾ 27 ಎಂಬ ಅಂಕಿ ಸರಿಯಾದದ್ದೇ. ಆದರೆ ಅದು ಯಾವುದರ ಶೇಕಡಾವಾರು ಎಂದು ಹೇಳದೆ ಮುಂದಿನ ಸ್ಲೈಡಿಗೆ ಹೋಗುವುದು, ನಿಮ್ಮಂಥವರು ಸಭೆಯಲ್ಲಿ ಕೂತಿರುವಾಗ, ಸರಿಯಲ್ಲ.

ಆ ಅಂಕಿ ಬಂದ ಪ್ರಯೋಗದಲ್ಲಿ ಕಾಯಿಲೆಯ ಆರಂಭದ ಹಂತದಲ್ಲಿದ್ದ 1,795 ಜನರಿದ್ದರು. ಅರ್ಧದಷ್ಟು ಜನರಿಗೆ ಎರಡು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಔಷಧಿ, ಉಳಿದವರಿಗೆ ಔಷಧಿಯಿಲ್ಲದ ದ್ರವ, ಹೀಗೆ 18 ತಿಂಗಳು ಕೊಟ್ಟರು. ಅಳತೆಗೆ ಬಳಸಿದ್ದು 0ಯಿಂದ 18ರವರೆಗಿನ ಒಂದು ಮಾಪಕ. ನೆನಪು, ದಿಕ್ಕು-ದಿನದ ಅರಿವು, ತೀರ್ಮಾನ ಶಕ್ತಿ, ಹೊರಗಿನ ವ್ಯವಹಾರ, ಮನೆಯ ಕೆಲಸ ಹಾಗೂ ಹವ್ಯಾಸ, ಸ್ವಂತ ಶುಚಿ ಎಂಬ ಆರು ವಿಷಯಗಳಲ್ಲಿ ಅಂಕ ಕೊಡುತ್ತಾರೆ. ಅಂಕ ಏರಿದಷ್ಟೂ ಸ್ಥಿತಿ ಕೆಟ್ಟಿದೆಯೆಂದು ಅರ್ಥ. 18 ತಿಂಗಳ ಕೊನೆಗೆ ಔಷಧಿ ಇಲ್ಲದವರ ಅಂಕ ಸರಾಸರಿ 1.66 ಏರಿತು, ಔಷಧಿ ಪಡೆದವರದು 1.21. ವ್ಯತ್ಯಾಸ 0.45. ಈ 0.45, 1.66ರ ಶೇಕಡಾ 27. ಎರಡೂ ಗುಂಪಿನವರು ಕೆಳಗಿಳಿದರು, ಒಂದು ಗುಂಪು ಸ್ವಲ್ಪ ನಿಧಾನವಾಗಿ ಇಳಿಯಿತು. ಕಳೆದುಹೋದ ನೆನಪನ್ನು ಈ ಔಷಧಿ ಮರಳಿ ತರುವುದಿಲ್ಲ.

ಇದು ಏನೂ ಅಲ್ಲವೆಂದು ನಾನು ಹೇಳಲಾರೆ. ಮಿದುಳಿನಲ್ಲಿ ಕಟ್ಟಿಕೊಳ್ಳುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ತೆಗೆದರೆ ಕಾಯಿಲೆಯ ವೇಗ ಬದಲಾಗಬಹುದೆಂದು ಕಾಣಲು ಸಂಶೋಧಕರು ದಶಕಗಳ ಕಾಲ ಒಂದರ ಹಿಂದೊಂದು ಸೋಲನ್ನು ಕಂಡಿದ್ದಾರೆ. ಹಾಗೆಂದು ಅಪಾಯವನ್ನು ಮರೆಮಾಚುವಂತಿಲ್ಲ. ಔಷಧಿ ಪಡೆದವರಲ್ಲಿ ಶೇಕಡಾ 12.6 ಜನರ ಸ್ಕ್ಯಾನಿನಲ್ಲಿ ಮಿದುಳಿನ ಊತ ಕಂಡಿತು, ಇನ್ನೊಂದು ಗುಂಪಿನಲ್ಲಿ ಅದು ಶೇಕಡಾ 1.7. ಸಣ್ಣ ರಕ್ತಸ್ರಾವದ ಗುರುತುಗಳೂ ಹೆಚ್ಚಿದ್ದವು. ಹೆಚ್ಚಿನವರಿಗೆ ತೊಂದರೆ ಅನುಭವಕ್ಕೆ ಬರಲಿಲ್ಲ, ಕೆಲವರಲ್ಲಿ ಗಂಭೀರವಾಯಿತು. ಎಪಿಒಇ4 ಎಂಬ ಜೀನಿನ ಎರಡು ಪ್ರತಿಗಳಿರುವವರಿಗೆ ಅಪಾಯ ಹೆಚ್ಚು.

ನರರೋಗ ತಜ್ಞರ ಬಳಿ ಹೋದಾಗ ಈ ಮಾತುಗಳನ್ನು ಬರೆದುಕೊಂಡು ಹೋಗಿ: ತಾಯಿಯವರ ಮಿದುಳಿನಲ್ಲಿ ಅಮಿಲಾಯ್ಡ್ ಇದೆಯೆಂದು ಪರೀಕ್ಷೆಯಿಂದ ಖಚಿತವಾಗಿದೆಯೇ, ಆ ಜೀನಿನ ಪರೀಕ್ಷೆ ಆಗಿದೆಯೇ, ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದಾರೆಯೇ, ಮತ್ತೆ ಮತ್ತೆ ಎಂಆರ್‌ಐ ಮಾಡಿಸಲು ಅವರಿಂದ ಆಗುತ್ತದೆಯೇ. ತಾಯಿಯವರನ್ನೂ ಕೇಳಿ. ಆರಂಭದ ಹಂತದಲ್ಲಿರುವವರಿಗೆ ತಮ್ಮ ವಿಷಯದಲ್ಲಿ ಸ್ಪಷ್ಟ ಅಭಿಪ್ರಾಯವಿರುತ್ತದೆ. ಅದನ್ನು ಕೇಳಬಹುದಾದ ಕಾಲ ಈಗಲೇ.

ಪ್ರಶ್ನೆ: ನನ್ನ ಅಣ್ಣನಿಗೆ ಪಾರ್ಕಿನ್ಸನ್ಸ್. ಉಪನ್ಯಾಸದಲ್ಲಿ ಒಂದು ವಿಡಿಯೋ ತೋರಿಸಿದರು: ಅಲ್ಲಾಡಲಾಗದೆ ಬಿದ್ದಿದ್ದ ಇಲಿ ಹೊಸ ಔಷಧಿಯಿಂದ ಓಡಾಡಿತು. ಅದು ನಮಗೆ ಎಂದು ಸಿಗುತ್ತದೆ?

ಉತ್ತರ: ಆ ವಿಡಿಯೋ ನೋಡಿದಾಗ ನಿಮ್ಮ ಮನಸ್ಸಿಗೆ ಏನಾಗಿರಬಹುದೆಂದು ಊಹಿಸಬಲ್ಲೆ. ಇಲಿಯಲ್ಲಿ ಪಾರ್ಕಿನ್ಸನ್ಸ್ ತಾನಾಗಿ ಬರುವುದಿಲ್ಲ, ತರಿಸಬೇಕು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಲಬೆರಕೆ ಮಾದಕವಸ್ತು ಚುಚ್ಚಿಕೊಂಡ ಕೆಲವು ಯುವಕರು ಇದ್ದಕ್ಕಿದ್ದಂತೆ ಪಾರ್ಕಿನ್ಸನ್ಸ್ ರೋಗಿಗಳಂತೆ ಸೆಟೆದು ನಿಂತರು. ಅದಕ್ಕೆ ಕಾರಣ ಎಂಪಿಟಿಪಿ ಎಂಬ ರಾಸಾಯನಿಕವೆಂದು ವಿಲಿಯಂ ಲ್ಯಾಂಗ್‌ಸ್ಟನ್ ತಂಡ ಕಂಡುಹಿಡಿಯಿತು. ಅಂದಿನಿಂದ ಅದೇ ವಿಷವನ್ನು ಪ್ರಾಣಿಗಳಿಗೆ ಕೊಟ್ಟು ಪ್ರಯೋಗ ಮಾಡುತ್ತಾರೆ. ವಿಷ ಕೆಲವೇ ದಿನಗಳಲ್ಲಿ, ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಮಿದುಳಿನ ಕೋಶಗಳನ್ನು ಕೊಲ್ಲುತ್ತದೆ. ನಿಮ್ಮ ಅಣ್ಣನವರಲ್ಲಿ ಅದೇ ನಷ್ಟ ವರ್ಷಗಟ್ಟಲೆ ನಿಧಾನವಾಗಿ ನಡೆದಿರುತ್ತದೆ, ಕೈ ನಡುಗುವ ಎಷ್ಟೋ ಮೊದಲೇ ವಾಸನೆ ಗ್ರಹಿಸುವ ಶಕ್ತಿ ಕುಂದಿರಬಹುದು, ಮಲಬದ್ಧತೆ ಶುರುವಾಗಿರಬಹುದು. ಆದ್ದರಿಂದ ಭಾಷಣಕಾರರನ್ನು ಕೇಳಬೇಕಾದದ್ದು ಇದು: ಔಷಧಿ ಕೊಟ್ಟದ್ದು ವಿಷ ಕೊಡುವ ಮೊದಲೋ, ಆಮೇಲೋ? ಮೊದಲೇ ಕೊಟ್ಟಿದ್ದರೆ ಈಗಾಗಲೇ ಕಾಯಿಲೆ ಬಂದವರ ಬಗ್ಗೆ ಆ ವಿಡಿಯೋ ಏನನ್ನೂ ಹೇಳುವುದಿಲ್ಲ.

ಹಾಗಂತ ಪ್ರಾಣಿಗಳ ಮೇಲಿನ ಕೆಲಸವನ್ನು ತಳ್ಳಿಹಾಕಬೇಡಿ. ಬಹುಶಃ ನಿಮ್ಮ ಅಣ್ಣ ದಿನವೂ ನುಂಗುವ ಲೆವೊಡೋಪಾ ಮಾತ್ರೆಯ ಮೂಲ ಮೊಲಗಳಲ್ಲಿದೆ. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್, ರೆಸರ್ಪಿನ್ ಎಂಬ ಔಷಧಿ ಕೊಟ್ಟು ನಿಶ್ಚಲಗೊಳಿಸಿದ ಮೊಲಗಳಿಗೆ, ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಡೋಪಾ ಕೊಟ್ಟಾಗ ಅವು ಸ್ವಲ್ಪ ಹೊತ್ತಿನಲ್ಲೇ ಎದ್ದು ಓಡಾಡಿದವು. 1960ರಲ್ಲಿ ವಿಯೆನ್ನಾದಲ್ಲಿ ಒಲೆ ಹಾರ್ನಿಕೀವಿಚ್, ತೀರಿಕೊಂಡ ಪಾರ್ಕಿನ್ಸನ್ಸ್ ರೋಗಿಗಳ ಮಿದುಳಿನಲ್ಲಿ ಡೋಪಮೈನ್ ಬತ್ತಿಹೋಗಿದೆಯೆಂದು ತೋರಿಸಿದರು. ಮರುವರ್ಷ ಲೆವೊಡೋಪಾವನ್ನು ರೋಗಿಗಳಿಗೆ ಕೊಟ್ಟು ನೋಡಿದರು. 1967ರಲ್ಲಿ ಜಾರ್ಜ್ ಕೊಟ್ಸಿಯಾಸ್ ಪ್ರಮಾಣವನ್ನು ನಿಧಾನವಾಗಿ ಏರಿಸುವ ಕ್ರಮವನ್ನು ಕಂಡುಕೊಂಡ ಮೇಲೆಯೇ ಅದು ನಿಜವಾದ ಚಿಕಿತ್ಸೆಯಾದದ್ದು. ಎಲ್ಲವೂ ಕೂಡಿಬಂದ ಔಷಧಿಗೇ ಮೊಲದಿಂದ ಮನುಷ್ಯರಿಗೆ ಬರಲು ಹತ್ತು ವರ್ಷ ಹಿಡಿಯಿತು. ನೀವು ನೋಡಿದ ಔಷಧಿಗೆ ನಾನು ತಾರೀಖು ಹೇಳಲಾರೆ, ಅದನ್ನು ನಂಬಿ ಈಗಿನ ಮಾತ್ರೆಯ ಹೊತ್ತನ್ನು ಒಂದು ದಿನವೂ ತಪ್ಪಿಸಬೇಡಿ.

ಪ್ರಶ್ನೆ: ಜೀವಶಾಸ್ತ್ರದ ಪದವಿ ವಿದ್ಯಾರ್ಥಿನಿ ನಾನು. ಸೆಮಿನಾರಿನ ಕೊನೆಗೆ ‘ಪ್ರಶ್ನೆಗಳಿವೆಯೇ’ ಎಂದಾಗ ಎದೆ ಹೊಡೆದುಕೊಳ್ಳುತ್ತದೆ. ದಡ್ಡ ಪ್ರಶ್ನೆಯಾದರೆ ಏನು ಮಾಡಲಿ ಎಂದು ಸುಮ್ಮನಾಗುತ್ತೇನೆ.

ಉತ್ತರ: ಮಗಳೇ, ಸುಮ್ಮನೆ ಕೂತ ಒಂದು ಸಭೆಯ ಕಥೆ ಕೇಳು. 1906ರ ನವೆಂಬರ್ 3ರಂದು ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಮನೋವೈದ್ಯರ ಸಮ್ಮೇಳನ. ಅಲೋಯಿಸ್ ಅಲ್ಜೈಮರ್ ಎಂಬ ವೈದ್ಯರು ಆಗುಸ್ಟೆ ಡೆಟರ್ ಎಂಬ ಹೆಂಗಸಿನ ವಿಷಯ ಮಂಡಿಸಿದರು. ಐವತ್ತರ ಆಸುಪಾಸಿನಲ್ಲೇ ಮರೆವು, ಗೊಂದಲ, ಗಂಡನ ಮೇಲೆ ಅನುಮಾನ. ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳ ಹೊರಗೆ ಗಟ್ಟಿಯಾದ ಚುಕ್ಕೆಗಳು, ಒಳಗೆ ಗೋಜಲಾದ ಎಳೆಗಳು. ಮಾತು ಮುಗಿದಾಗ ಸಭೆಯಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ. ಚರ್ಚೆಯಿಲ್ಲದೆ ಮುಂದಿನ ಭಾಷಣಕ್ಕೆ ಹೋದರು. ಆಕೆಗೆ ಎಷ್ಟು ವಯಸ್ಸು, ವಯಸ್ಸಾದವರ ಮರೆವಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಒಬ್ಬ ವಿದ್ಯಾರ್ಥಿ ಕೇಳಿದ್ದರೂ ಅದು ಆ ದಿನದ ಅತಿ ಒಳ್ಳೆಯ ಪ್ರಶ್ನೆಯಾಗುತ್ತಿತ್ತು.

ಸ್ಪೇನಿನ ಸ್ಯಾಂಟಿಯಾಗೊ ರಮೋನ್ ಇ ಕಹಾಲ್ 1889ರಲ್ಲಿ ಬರ್ಲಿನ್ನಿನ ಸಮ್ಮೇಳನಕ್ಕೆ ಹೋದಾಗ ಅವರನ್ನು ಬಲ್ಲವರೇ ಕಡಿಮೆ. ಅವರು ಸೂಕ್ಷ್ಮದರ್ಶಕದ ಪಕ್ಕ ನಿಂತು ಹಿರಿಯರನ್ನು ಕರೆದು ಕರೆದು ತಮ್ಮ ಸ್ಲೈಡುಗಳನ್ನು ತೋರಿಸಿದರು. ಪ್ರಸಿದ್ಧ ಅಂಗರಚನಾ ತಜ್ಞ ಕ್ಯೋಲಿಕರ್ ನೋಡಿ ಒಪ್ಪಿಕೊಂಡರು. ನರಕೋಶಗಳು ಒಂದಕ್ಕೊಂದು ಅಂಟಿದ ಬಲೆಯಲ್ಲ, ಬಿಡಿ ಬಿಡಿ ಕೋಶಗಳು ಎಂಬ ಮಾತು ಬೇರೂರಿದ್ದು ಅಂಥ ಒಬ್ಬೊಬ್ಬರ ಮಾತುಕತೆಯಿಂದ. ಆದ್ದರಿಂದ ದೊಡ್ಡ ಸಭೆಯಲ್ಲಿ ಮೈಕು ಹಿಡಿಯಲು ಅಂಜಿಕೆಯಾದರೆ ಪೋಸ್ಟರುಗಳ ಬಳಿಗೆ ಹೋಗು. ಅಲ್ಲಿ ಸಂಶೋಧಕರು ಯಾರಾದರೂ ಬಂದು ಕೇಳಲೆಂದೇ ನಿಂತಿರುತ್ತಾರೆ, ಹೆಚ್ಚಿನವರು ನಿನಗಿಂತ ನಾಲ್ಕೈದು ವರ್ಷ ದೊಡ್ಡವರಷ್ಟೇ. ಸಭೆಯಲ್ಲೇ ಕೇಳುವುದಾದರೆ ಒಂದೇ ವಾಕ್ಯ ಬರೆದುಕೊಂಡು ಎದ್ದು ನಿಲ್ಲು. ‘ಆ ಗ್ರಾಫಿನ ಒಂದೊಂದು ಚುಕ್ಕೆ ಒಂದು ಕೋಶವೋ, ಒಂದು ಪ್ರಾಣಿಯೋ?’ ಎನ್ನುವುದು ನನಗೆ ಗೊತ್ತಿರುವ ಅತಿ ಉಪಯುಕ್ತ ಪ್ರಶ್ನೆಗಳಲ್ಲಿ ಒಂದು. ಮೂರು ಇಲಿಗಳಿಂದ ತೆಗೆದ ಮುನ್ನೂರು ಕೋಶಗಳು ಮುನ್ನೂರು ಇಲಿಗಳಾಗುವುದಿಲ್ಲ, ಎಷ್ಟೋ ಭಾಷಣಕಾರರು ಇಲ್ಲಿ ತಡೆದು ಯೋಚಿಸುವುದನ್ನು ನೋಡಿದ್ದೇನೆ.

ಪ್ರಶ್ನೆ: ತಂದೆಯವರಿಗೆ ವಿಚಿತ್ರ ಚಲನೆಯ ತೊಂದರೆಯಿದೆ, ಯಾವ ಕಾಯಿಲೆಯೆಂದು ಇನ್ನೂ ತೀರ್ಮಾನವಾಗಿಲ್ಲ. ವೈದ್ಯರು ತಮ್ಮ ವಿಭಾಗದ ಸೆಮಿನಾರಿನಲ್ಲಿ ಅವರನ್ನು ಕೂರಿಸಿ ಚರ್ಚಿಸಬಹುದೇ ಎಂದು ಕೇಳಿದ್ದಾರೆ. ತಂದೆ ಸಂಕೋಚದ ಮನುಷ್ಯ. ಒಪ್ಪುವುದೋ ಬೇಡವೋ?

ಉತ್ತರ: ತೀರ್ಮಾನ ತಂದೆಯವರದು. ಬೇಡವೆಂದರೆ ಚಿಕಿತ್ಸೆಯಲ್ಲಿ ಏನೂ ಬದಲಾಗಬಾರದು, ಇದನ್ನು ವೈದ್ಯರ ಬಾಯಿಂದಲೇ ತಂದೆಯವರ ಎದುರಿಗೆ ಹೇಳಿಸಿ.

ರೋಗಿಯನ್ನು ಸಭೆಯ ಮುಂದೆ ಕೂರಿಸುವ ಪದ್ಧತಿ ಹಳೆಯದು. 19ನೇ ಶತಮಾನದ ಪ್ಯಾರಿಸ್ಸಿನಲ್ಲಿ ಜ್ಯಾಂ ಮಾರ್ಟಿನ್ ಶಾರ್ಕೊ ಅವರ ಮಂಗಳವಾರದ ಪಾಠಗಳಿಗೆ ಜನ ಸೇರುತ್ತಿದ್ದರು. ಅಲ್ಲಿ ನರರೋಗಶಾಸ್ತ್ರ ಬೆಳೆಯಿತು, ರೋಗಿಗಳು ಪ್ರದರ್ಶನದ ವಸ್ತುಗಳೂ ಆದರು. ಇಂದಿನ ಪದ್ಧತಿ ಎಷ್ಟೋ ಮೇಲು. ಮೇಲೆ ಹೇಳಿದ ಹೆನ್ರಿ ಮೊಲೈಸನ್ 2008ರಲ್ಲಿ ತೀರಿಕೊಳ್ಳುವವರೆಗೂ ಜಗತ್ತಿಗೆ ಬರೀ ಎಚ್.ಎಂ. ಆಗಿಯೇ ಉಳಿದಿದ್ದರು. ಆದರೂ, ರೋಗಿ ಎದುರಿಗೇ ಕೂತಿರುವಾಗ ಅವರ ತಲೆಯ ಮೇಲಿನಿಂದ ವೈದ್ಯರು ತಮ್ಮತಮ್ಮಲ್ಲೇ ಮಾತಾಡಿಕೊಂಡಾಗ ಆ ಮುಖ ಬಾಡುವುದನ್ನು ನಾನು ಕಂಡಿದ್ದೇನೆ. ಅದು ನನಗೆ ಈಗಲೂ ನೋವಿನ ವಿಷಯ.

ನನ್ನ ಅಭಿಪ್ರಾಯ ಕೇಳಿದರೆ, ಕಾಯಿಲೆ ಯಾವುದೆಂದು ಗೊತ್ತಾಗದಿರುವಾಗ ಹತ್ತು ಅನುಭವಿ ಕಣ್ಣುಗಳು ಒಟ್ಟಿಗೆ ನೋಡುವುದು ತಂದೆಯವರಿಗೇ ಒಳ್ಳೆಯದು. ಚಲನೆಯ ತೊಂದರೆಯನ್ನು ಕಾಗದದಲ್ಲಿ ಓದುವುದಕ್ಕಿಂತ ನಡಿಗೆಯನ್ನೇ ನೋಡಿ ಗುರುತಿಸುವುದು ಸುಲಭ. ಒಪ್ಪಿದರೆ ಮೊದಲೇ ಕೇಳಿಕೊಳ್ಳಿ: ಯಾರು ಯಾರು ಇರುತ್ತಾರೆ, ವಿದ್ಯಾರ್ಥಿಗಳೂ ಇರುತ್ತಾರೆಯೇ, ವಿಡಿಯೋ ತೆಗೆಯುತ್ತಾರೆಯೇ, ತೆಗೆದರೆ ಅದು ಎಲ್ಲಿಗೆಲ್ಲ ಹೋಗುತ್ತದೆ, ಆಮೇಲೆ ಬೇಡವೆನಿಸಿದರೆ ಅಳಿಸುತ್ತಾರೆಯೇ. ಚರ್ಚೆಗೆ ಒಪ್ಪಿದರೂ ವಿಡಿಯೋಗೆ ಒಪ್ಪಬೇಕೆಂದಿಲ್ಲ. ತಂದೆಯವರು ದಣಿಯದ ಹೊತ್ತನ್ನು ಆರಿಸಿ, ನೀವು ಪಕ್ಕದಲ್ಲೇ ಕುಳಿತಿರಿ, ಸಭಾಂಗಣದ ಹೊರಗೆ ಬಹಳ ಹೊತ್ತು ಕಾಯಿಸಬೇಡಿ ಎಂದು ಹೇಳಿ. ರೋಗಿಯನ್ನು ಹೊರಗೆ ಕಳಿಸಿದ ಮೇಲೆ ನಿಜವಾದ ಚರ್ಚೆ ನಡೆಯುವುದುಂಟು. ಹಾಗಾಗಿ ಅದೇ ವಾರದಲ್ಲಿ ವೈದ್ಯರೊಡನೆ ಇನ್ನೊಂದು ಭೇಟಿಯನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಅಲ್ಲಿ ಯಾರು ಯಾವ ಕಾಯಿಲೆಯ ಹೆಸರು ಹೇಳಿದರು, ಯಾವ ಪರೀಕ್ಷೆ ಸೂಚಿಸಿದರು ಎಂಬುದನ್ನು ಅವರು ತಂದೆಯವರಿಗೆ ಕೂತು ವಿವರಿಸಬೇಕು.